ಬಾಯಿತುಂಬ ಗುಂಡುಸೂಜಿ

ಕತ್ತರಿಯಕ್ಕ ಸುಮ್ಮನಿರಬೇಕಾದರೆ ಅವಳ ಬಾಯಲ್ಲಿ ಗುಂಡುಸೂಜಿ ಇರಬೇಕು ಎಂದು ಅವಳಲ್ಲಿಗೆ ಬರುವ ಗಿರಾಕಿಗಳೆಲ್ಲ ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಹಿಂಬದಿಯ ಕೋಣೆ ಅವಳದು. ಹೊಸದಾಗಿ ಏನನ್ನೂ ಹೊಲಿಯುವುದು ಅವಳ ಕೆಲಸವಲ್ಲ. ಬೇರೆಯವರು ಹೊಲಿದದ್ದನ್ನು ಬಿಚ್ಚಿ, ಸಡಿಲಿಸಿ, ಬಿಗಿಮಾಡಿ, ತೊಡುವವರ ಮೈಗೆ ಒಗ್ಗಿಸುವುದು ಅವಳ ಕೆಲಸ. ಗಿರಾಕಿಯನ್ನು ಕನ್ನಡಿಯೆದುರು ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ತಾನು ನೆಲದಲ್ಲಿ ಮಂಡಿಯೂರಿ, ತುಟಿಗಳ ನಡುವೆ ಸೂಜಿಗಳ ಸಾಲು ಕಚ್ಚಿಕೊಂಡು ಪ್ಯಾಂಟಿನ ಅಂಚು ಮಡಿಸುವಷ್ಟು ಹೊತ್ತು ಆ ಕೋಣೆಯಲ್ಲಿ ಇಸ್ತ್ರಿಯ ಹಬೆಯ ಬುಸುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ಕೊನೆಯ ಸೂಜಿ ಬಟ್ಟೆಗೆ ಇಳಿಯಿತೋ, ಕಟ್ಟೆ ಒಡೆಯಿತು.

“ಅಯ್ಯೋ, ಹಾಗಲ್ಲ, ನೆಟ್ಟಗೆ ನಿಂತ್ಕೊಳ್ಳಿ. ಎದುರಿಗೇ ಇದೆಯಲ್ಲ ಕನ್ನಡಿ, ಕಣ್ಣು ಎಲ್ಲಿಟ್ಟಿದ್ದೀರಿ? ಈ ಬಣ್ಣ ನಿಮಗೆ ಒಪ್ಪಲ್ಲ. ಹೇಳಿದೆ ಅಂತ ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಂಡವರೂ ಮರಳಿ ಬರುತ್ತಿದ್ದರು. ಅವಳು ಮಡಿಸಿದ ಅಂಚು ಕಾಲಿನ ಮೇಲೆ ಬೀಳುವ ಬಗೆಯೇ ಬೇರೆ. ನಾಲಗೆಯ ಹರಿತಕ್ಕೆ ಬಂದ ಅಡ್ಡಹೆಸರನ್ನು ಅವಳು ಬಿರುದಿನಂತೆ ಹೊತ್ತುಕೊಂಡಿದ್ದಳು.

ಮನೆಯಲ್ಲಿ ಅವಳ ತಮ್ಮ, ಅವನ ಹೆಂಡತಿ. ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಚಡ್ಡಿ ಹಾಕುವ ಹುಡುಗ. ಅವನನ್ನು ಬೆಳೆಸಿದವಳು ಇವಳೇ. ತಲೆಗೂದಲು ನೆರೆಯುತ್ತಿದ್ದರೂ ಅವನು ಈಗಲೂ ಅವಳ ಬಾಯಲ್ಲಿ ಪುಟ್ಟ. ಅವನು ಕಂಪ್ಯೂಟರ್ ಆಟಗಳನ್ನು ಕಟ್ಟುತ್ತಿದ್ದ. ಮನೆಯ ಮುಂಗೋಣೆಯಲ್ಲಿ ಎರಡು ಪರದೆಗಳ ನಡುವೆ ತಲೆಹುದುಗಿಸಿ ಕೂತರೆ ಚಹಾ ಆರಿ ಕೆನೆಗಟ್ಟಿದರೂ ಅವನಿಗೆ ಅರಿವಿಲ್ಲ. ಅವನ ಹೆಂಡತಿ ದಂತವೈದ್ಯರೊಬ್ಬರ ಬಳಿ ಸಹಾಯಕಿ. ಬಾಯಿ ತೆರೆದವರನ್ನು ಸುಮ್ಮನಿರಿಸುವುದು ತನ್ನ ವೃತ್ತಿ, ಆದರೆ ಮನೆಯಲ್ಲಿ ಆ ವಿದ್ಯೆ ನಡೆಯುವುದಿಲ್ಲ ಎಂದು ನಗುತ್ತಿದ್ದಳು.

ಪುಟ್ಟನ ಹಿಂದಿನ ಆಟ ನೆಲಕಚ್ಚಿತ್ತು. ಚೆನ್ನಾಗಿಲ್ಲವೆಂದಲ್ಲ, ಕಷ್ಟವೆಂದು. ಮೂರನೆಯ ಬಾಗಿಲು ತೆರೆಯಲಾಗದೆ ಆಡುವವರೆಲ್ಲ ಎದ್ದುಹೋಗಿದ್ದರು. ಹೊಸ ಆಟವನ್ನು ಸೋಮವಾರ, ಆಟಗಳನ್ನು ಪ್ರಕಟಿಸುವ ಕಂಪನಿಯೊಂದಕ್ಕೆ ತೋರಿಸಬೇಕಿತ್ತು. ಅವರೂ ಬೇಡವೆಂದರೆ ಈ ಕಸುಬನ್ನೇ ಬಿಡುತ್ತೇನೆಂದು ಅವನು ಹೆಂಡತಿಗೆ ಮಾತು ಕೊಟ್ಟಿದ್ದ. ಅದಕ್ಕೆ ಮುಂಚಿನ ವಾರದ ಆರಂಭದಲ್ಲಿ ಅಕ್ಕನ ಮುಂದೆ ಒಂದು ಪರದೆಯನ್ನು ತಂದಿಟ್ಟ.

“ನೀನು ಆಡು. ಜನ್ಮದಲ್ಲಿ ಆಟ ಮುಟ್ಟದವಳು ನೀನು. ನಿನಗೆ ದಾರಿ ಗೊತ್ತಾದ್ರೆ ಯಾರಿಗಾದ್ರೂ ಗೊತ್ತಾಗತ್ತೆ.”

“ಅಂದ್ರೆ ನಾನು ದಡ್ಡಿ ಅಂತ.”

“ನಿಜ ಹೇಳೋಳು ಅಂತ.”

ಅವಳು ಕೂತದ್ದು ತಮ್ಮನ ಮೇಲಿನ ಕನಿಕರದಿಂದ. ಏಳದೆ ಉಳಿದದ್ದು ಬೇರೆ ಕಾರಣಕ್ಕೆ.

ಆಟದ ಕಥೆ ಇಷ್ಟು: ಆರುತ್ತಿರುವ ನಕ್ಷತ್ರವೊಂದನ್ನು ಸುತ್ತುವ ಪಾಳುಬಿದ್ದ ನೌಕೆ. ಅದರಲ್ಲಿ ದೀರ್ಘ ನಿದ್ದೆಯಿಂದ ಎಚ್ಚರಗೊಂಡ ಒಬ್ಬ ದುರಸ್ತಿಗಾರ್ತಿ. ಕೋಣೆಯಿಂದ ಕೋಣೆಗೆ ದಾಟಿ ಅವಳು ನೌಕೆಯ ಕಣ್ಣು ತೆರೆಸಬೇಕು. ಪ್ರತಿ ಕೋಣೆಯಲ್ಲೂ ಜಗತ್ತಿನ ಒಂದು ನಿಯಮ ಮಾತ್ರ ಬದಲಾಗಿರುತ್ತದೆ. ಒಂದರಲ್ಲಿ ಸದ್ದಿಗೆ ತೂಕವಿದೆ. ಚಪ್ಪಾಳೆ ತಟ್ಟಿದರೆ ಪೆಟ್ಟಿಗೆ ಜರುಗುತ್ತದೆ. ಇನ್ನೊಂದರಲ್ಲಿ ಬಿಸಿ ಇರುವ ಕಡೆಯೇ ನೆಲ, ತಣ್ಣಗಿನ ಕಡೆ ಚಾವಣಿ. ಈ ನಿಯಮಗಳನ್ನು ಅಲ್ಲಿ ಯಾವ ಫಲಕವೂ ಬರೆದು ಹೇಳುವುದಿಲ್ಲ. ಎಡವಿ, ಬಿದ್ದು, ಊಹಿಸಿ, ಊಹೆಯನ್ನು ಪರೀಕ್ಷಿಸಿ ತಿಳಿಯಬೇಕು. ನಿಯಮ ಸುಳ್ಳೇ ಇರಬಹುದು. ಆದರೆ ಆ ಸುಳ್ಳಿಗೆ ಕೋಣೆಯ ಪ್ರತಿ ವಸ್ತುವೂ ನಿಷ್ಠವಾಗಿತ್ತು. ವಿಜ್ಞಾನವನ್ನು ಉತ್ತರಗಳ ಗೋದಾಮಿನಂತೆ ಕಲಿಸುವ ಎಷ್ಟೋ ಪಠ್ಯಪುಸ್ತಕಗಳಲ್ಲಿ ಇಲ್ಲದ ಪ್ರಾಮಾಣಿಕತೆ ಅದು.

ಕತ್ತರಿಯಕ್ಕ ಅದನ್ನು ತನ್ನ ಭಾಷೆಯಲ್ಲಿ ಗ್ರಹಿಸಿದಳು. ಬಿಗಿಯಾದ ಹೊಲಿಗೆಯಲ್ಲಿ ಎಲ್ಲ ದಾರವೂ ಒಂದೇ ರೀತಿ ಕಾಣುತ್ತದೆ. ಸರಿಯಾದ ಒಂದನ್ನು ಎಳೆದರೆ ಇಡೀ ಸಾಲು ಸರ್ರನೆ ಬಿಚ್ಚಿಕೊಳ್ಳುತ್ತದೆ. ಇಲ್ಲಿಯೂ ಅದೇ ಸುಖ.

ಆ ಸುಖವನ್ನು ಕೆಡಿಸಲೆಂದೇ ಒಂದು ಯಂತ್ರವಿತ್ತು.

ಅದರ ಹೆಸರು ಗೆಳೆಯ. ಮೋಟು ಕಾಲುಗಳ, ಜಾಲರಿ ಬಾಯಿಯ ತಗಡಿನ ಡಬ್ಬ. ಗಂಡುದನಿ. ದುರಸ್ತಿಗಾರ್ತಿಯ ಹಿಂದೆ ಬಾಲದಂತೆ ಸುತ್ತುತ್ತ, ಅವಳು ಒಂದೆಡೆ ತುಸು ನಿಂತು ಯೋಚಿಸಿದರೆ ಸಾಕು, ಬಾಯಿ ಹಾಕುತ್ತಿತ್ತು. ‘ಅಯ್ಯೋ, ಹಾಗಲ್ಲ, ಆ ಪೆಟ್ಟಿಗೆ ಎಡಕ್ಕೆ ತಳ್ಳು.’ ‘ಎದುರಿಗೇ ಇದೆಯಲ್ಲ ಹಿಡಿಕೆ, ಕಣ್ಣು ಎಲ್ಲಿಟ್ಟಿದ್ದೀಯ?’

“ಮುಚ್ಚೋ ಬಾಯಿ!” ಎಂದು ಅವಳು ಪರದೆಗೆ ಗದರಿದಳು. ಬೇರೆ ಲೋಪಗಳೂ ಅವಳ ಕಣ್ಣಿಗೆ ಬಿದ್ದವು. ಕೀಲಿಯೊಂದನ್ನು ತರಲು ದಾಟಿಬಂದ ಹಾದಿಯನ್ನೆಲ್ಲ ಸುಮ್ಮನೆ ಮರಳಿ ತುಳಿಯಬೇಕಿತ್ತು. ಸತ್ತುಹೋದ ಕ್ಯಾಪ್ಟನ್ ಮೂಲೆಮೂಲೆಯಲ್ಲಿ ತನ್ನ ದನಿಯನ್ನು ಮುದ್ರಿಸಿಟ್ಟು ಮನುಕುಲದ ಬಗ್ಗೆ ಗೋಳಾಡುತ್ತಿದ್ದ. ಆ ಗೋಳನ್ನು ಸಹಿಸಬಹುದಿತ್ತು. ಡಬ್ಬವನ್ನಲ್ಲ.

ಹೀಗೆ ಬೈಯುತ್ತ ಬೈಯುತ್ತ ಅವಳು ನೆರಳಿನ ಕೋಣೆಗೆ ಬಂದಳು.

ಅಲ್ಲಿ ಬೆಳಕು ನಿಧಾನ. ಒಂದು ಕೊನೆಯಲ್ಲಿ ದೀಪ, ಎದುರು ಗೋಡೆಯಲ್ಲಿ ಒಂದು ಗಾಜಿನ ಕಣ್ಣು, ನಡುವೆ ಪಕ್ಕಕ್ಕೆ ಬಾಗಿಲು. ಕಣ್ಣಿನ ಮೇಲೆ ನೆರಳು ಬಿದ್ದಿರುವಷ್ಟು ಹೊತ್ತು ಬಾಗಿಲು ತೆರೆದಿರುತ್ತದೆ. ಅವಳು ಕಣ್ಣಿಗೆ ಅಡ್ಡ ನಿಲ್ಲುತ್ತಿದ್ದಳು, ಬಾಗಿಲು ತೆರೆಯುತ್ತಿತ್ತು. ಓಡಿ ತಲುಪುವಷ್ಟರಲ್ಲಿ ಮುಚ್ಚಿಕೊಳ್ಳುತ್ತಿತ್ತು. ಎಷ್ಟು ಓಡಿದರೂ ಅಷ್ಟೇ. ವಿಚಿತ್ರವೆಂದರೆ ಆ ಸಂಜೆ ಗೆಳೆಯ ತುಟಿ ಬಿಚ್ಚಲಿಲ್ಲ. ಅದು ಕಠಿಣ ಕೋಣೆಯಾದ್ದರಿಂದ ಪುಟ್ಟ ಅವನಿಗೆ ಕಾಯುವ ಅವಧಿಯನ್ನು ಹೆಚ್ಚಿಟ್ಟಿದ್ದ. ಅವಳಿಗೆ ಅದು ತಿಳಿಯದು. ಡಬ್ಬಕ್ಕೆ ಕೊನೆಗೂ ಬುದ್ಧಿ ಬಂತು ಎಂದುಕೊಂಡು ಆಟ ನಿಲ್ಲಿಸಿ ಎದ್ದಳು.

ಮರುದಿನ ಅಂಗಡಿಯಲ್ಲಿ ಅವಳ ತಲೆತುಂಬ ಅದೇ ಕೋಣೆ. ಗಿರಾಕಿಯೊಬ್ಬಳು ಅಗಲ ಘೇರಿನ ಲಂಗ ತೊಟ್ಟು ಪೆಟ್ಟಿಗೆಯ ಮೇಲೆ ನಿಂತಿದ್ದಳು. ಸೂಜಿಗಳನ್ನು ಕಚ್ಚಿಕೊಂಡು ಕತ್ತರಿಯಕ್ಕ ಸೊಂಟಪಟ್ಟಿಯೊಳಗಿನ ದಾರವನ್ನು ಒಂದು ತುದಿಯಿಂದ ಎಳೆದಳು. ಕೈಯ ಹತ್ತಿರ ನೆರಿಗೆ ಥಟ್ಟನೆ ಎದ್ದಿತು. ದೂರದ ತುದಿಗೆ ಅದು ಸಾವಕಾಶವಾಗಿ, ಬಟ್ಟೆಯನ್ನೆಲ್ಲ ದಾಟಿಕೊಂಡು ಹೋಯಿತು. ಅವಳ ಕೈ ನಿಂತಿತು. ಕಣ್ಣಿನ ಹತ್ತಿರ ಯಾಕೆ ನಿಲ್ಲಬೇಕು? ದೀಪದ ಬುಡದಲ್ಲಿ ನಿಂತರೆ? ನೆರಳು ಅಲ್ಲಿಂದ ಹೊರಟು ಕಣ್ಣಿಗೆ ತಲುಪುವುದಕ್ಕೆ ಕೋಣೆಯಷ್ಟು ಹೊತ್ತು ಬೇಕು. ಅಷ್ಟರಲ್ಲಿ ತಾನು ಬಾಗಿಲ ಬಳಿ! ಕೂಗಬೇಕೆನಿಸಿತು, ಬಾಯಲ್ಲಿ ಸೂಜಿ. ಗಂಟಲಿನಿಂದ ಹೊರಟ ಸದ್ದು ಕೇಳಿ ಗಿರಾಕಿ ಬೆಚ್ಚಿ, “ಚುಚ್ಚಿಕೊಂಡ್ರಾ?” ಎಂದು ಕೇಳಿದಳು.

ಸಂಜೆ ಚಪ್ಪಲಿಯನ್ನೂ ಸರಿಯಾಗಿ ಬಿಡದೆ ಅವಳು ಪರದೆಯ ಮುಂದೆ ಕೂತಳು. ಕೋಣೆ ತೆರೆಯಿತು. ದೀಪ, ಕಣ್ಣು, ಬಾಗಿಲು. ಅವಳು ಇನ್ನೂ ಒಂದು ಗುಂಡಿಯನ್ನೂ ಒತ್ತಿರಲಿಲ್ಲ.

‘ಅಯ್ಯೋ, ಹಾಗಲ್ಲ,’ ಎಂದ ಗೆಳೆಯ. ‘ದೀಪದ ಬುಡದಲ್ಲಿ ನಿಂತು ಆಮೇಲೆ ಬಾಗಿಲಿಗೆ ಓಡು. ಹೇಳಿದೆ ಅಂತ ಬೇಜಾರು ಮಾಡ್ಕೋಬೇಡ.’

ಆದದ್ದು ಇಷ್ಟೇ: ಅವಳು ಹಿಂದಿನ ದಿನ ಕಳೆದ ಹೊತ್ತನ್ನು ಯಂತ್ರ ಲೆಕ್ಕದಲ್ಲಿ ಇಟ್ಟುಕೊಂಡಿತ್ತು, ಅವಧಿ ಮುಗಿಯಲು ಒಂದು ಕ್ಷಣ ಉಳಿದಿತ್ತು. ಆದರೆ ಅವಳ ಪಾಲಿಗೆ ಅದು ಹಾಡಹಗಲ ದರೋಡೆ. ಕೈಗೆ ಬಂದ ತುತ್ತನ್ನು ಯಾರೋ ಕಿತ್ತು, ಜಗಿದು, ಮರಳಿ ಬಾಯಿಗಿಟ್ಟಂತೆ. ಮೈಯೆಲ್ಲ ಉರಿದುಹೋಯಿತು. ಅವಳು ಮುಂಗೋಣೆಯ ಬಾಗಿಲನ್ನು ಗೋಡೆಗೆ ಬಡಿಯುವಂತೆ ತಳ್ಳಿದಳು.

“ಪುಟ್ಟಾ! ಆ ಬಾಯಿಬಡುಕ ಡಬ್ಬಾನ ಈಗಲೇ ಕಿತ್ತು ಬಿಸಾಕು!”

ತಮ್ಮ ತಿರುಗಿದ. ಅವನ ಹೆಂಡತಿ ಆಗತಾನೇ ಕೆಲಸದಿಂದ ಬಂದು ಕುರ್ಚಿಯಲ್ಲಿ ಕಾಲುಚಾಚಿ ಕೂತಿದ್ದಳು.

“ಏನಾಯ್ತೇ ಅಕ್ಕ?”

“ಏನಾಯ್ತಾ? ಆ ನೆರಳಿನ ಕೋಣೆ ಎಂಥ ಕೋಣೆ ಅಂತ ನಿನಗೇ ಗೊತ್ತಿಲ್ಲ. ಗೊತ್ತಿದ್ದಿದ್ರೆ ಅದರೊಳಗೆ ಆ ದರಿದ್ರ ಬಿಡ್ತಿರ್ಲಿಲ್ಲ. ದಿನವಿಡೀ ತಲೇಲಿ ಹೊತ್ಕೊಂಡು ತಿರುಗಿದ್ದೀನಿ. ನಾನೇ ಕಂಡುಹಿಡಿದಿದ್ದೆ ಕಣೋ! ನಾನೇ! ಅದು ನನ್ನ ಬಾಯಿಂದ ಕಿತ್ಕೊಳ್ತು.”

“ಹೋದ ಸಲ ಏನಾಯ್ತು ಮರೆತ್ಯಾ? ಸಿಕ್ಕಿಹಾಕ್ಕೊಂಡೋರೆಲ್ಲ ಎದ್ದು ಹೋದ್ರು. ಜೊತೆಗೊಬ್ಬ ಹೇಳಿಕೊಡೋನು ಬೇಕು.”

“ಹೇಳಿಕೊಡೋದಲ್ಲ ಅದು, ಹೇಳಿಬಿಡೋದು. ಎಂಥ ಅಧಿಕಪ್ರಸಂಗಿ! ಎದುರಿಗಿರೋರಿಗೆ ತಲೆ ಅನ್ನೋದೇ ಇಲ್ಲ ಅಂದ್ಕೊಂಡಿದೆ. ಇಂಥೋರ ಜೊತೆ ಒಂದು ದಿನ ಬಾಳೋಕಾಗತ್ತಾ?”

ತಮ್ಮನ ಹೆಂಡತಿ ಕಿಸಕ್ಕನೆ ನಕ್ಕಳು. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, ಮುಚ್ಚಿಕೊಂಡು ಪ್ರಯೋಜನವಿಲ್ಲವೆಂದು ತಿಳಿದು, “ಅಕ್ಕ, ನಿಮಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ?” ಎಂದಳು.

“ಏನು?”

ಪುಟ್ಟ ತನ್ನ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಕೊನೆಗೆ ಮೇಜಿನತ್ತ ಮುಖಮಾಡಿಕೊಂಡು ಹೇಳಿದ. “ದನಿ ಮಾತ್ರ ಬೇರೆಯೋರದು. ಮಾತೆಲ್ಲ ನಿನ್ನವೇ. ಪಾಳು ನೌಕೇಲಿ ಒಬ್ಬಳೇ ಸಿಕ್ಕಿಬಿದ್ರೆ ಜೊತೆಗೆ ಯಾರಿರಬೇಕು ಅಂತ ಯೋಚಿಸ್ದೆ. ಬೇರೆ ಯಾರೂ ಹೊಳೀಲಿಲ್ಲ.”

ಕತ್ತರಿಯಕ್ಕನ ಕಿವಿ ಬಿಸಿಯಾದವು. ಅಯ್ಯೋ, ಹಾಗಲ್ಲ. ಎದುರಿಗೇ ಇದೆಯಲ್ಲ. ತನ್ನ ಮಾತು ಬೇರೆ ಗಂಟಲಿನಿಂದ ಬಂದಾಗ ತನಗೇ ಗುರುತು ಸಿಕ್ಕಿರಲಿಲ್ಲ. ಅವನು ಪ್ರೀತಿಯಿಂದಲೇ ಮಾಡಿದ್ದನೆಂಬುದು ಅವಳ ಸಿಟ್ಟನ್ನು ತಗ್ಗಿಸಲಿಲ್ಲ. ಉರಿಗೆ ಎಣ್ಣೆ ಹೊಯ್ದಿತು.

“ನಾನು ಹೀಗಾ? ಹೀಗೆ ಮಾಡ್ತಿದ್ನಾ ನಿನಗೆ?”

“ಶಾಲೆಯ ಒಂದು ಲೆಕ್ಕದ ಕೊನೇ ಸಾಲನ್ನೂ ನಾನಾಗಿ ಬರೆದಿಲ್ಲ. ಅಡುಗೆಮನೆಯಿಂದಲೇ ಕೂಗ್ತಿದ್ದೆ ನೀನು.”

“ತಪ್ಪು ಬರೀತಿದ್ದೆಯಲ್ಲೋ, ಅದಕ್ಕೆ!”

“ಬರೀಲಿ ಅಂತ ಬಿಡಬೇಕಿತ್ತು!”

ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಆ ಮನೆಯ ಗೋಡೆಗಳೂ ಕೇಳಿರಲಿಲ್ಲ. ಹಾಗೆ ಕೂಗಿದ್ದಕ್ಕೆ ಅವನೇ ಬೆರಗಾದಂತೆ ಕಂಡ. ಅವನ ಹೆಂಡತಿ ಕಾಲು ಮಡಿಸಿಕೊಂಡಳು. ಕತ್ತರಿಯಕ್ಕ ಗಿರಕ್ಕನೆ ತಿರುಗಿದಳು. ಬಾಗಿಲನ್ನು ಬಡಿದುಕೊಂಡು ಹೋದಳು.

ಮೂವರೂ ಮಾತಿಲ್ಲದೆ ವಾರದ ಉಳಿದ ದಿನಗಳನ್ನು ತಳ್ಳಿದರು. ತಟ್ಟೆಗಳು ಮಾತ್ರ ಅಗತ್ಯಕ್ಕಿಂತ ಜೋರಾಗಿ ಸದ್ದು ಮಾಡಿದವು. ಅವಳ ಸಿಟ್ಟು ಮುಖ ಬದಲಿಸುತ್ತ ಹೋಯಿತು: ಒಮ್ಮೆ ತಮ್ಮನ ಮೇಲೆ, ಒಮ್ಮೆ ಡಬ್ಬದ ಮೇಲೆ, ಆಮೇಲೆ ಅಡುಗೆಮನೆಯಿಂದ ಕೂಗುತ್ತಿದ್ದ ಒಬ್ಬ ಹುಡುಗಿಯ ಮೇಲೆ. ಆ ಹುಡುಗಿಯ ಪರವಾಗಿಯೂ ಅವಳಿಗೆ ಸಿಟ್ಟಿತ್ತು. ಒಲೆಯ ಮೇಲೆ ಕುದಿಯುವುದನ್ನು ನೋಡುತ್ತ, ಮಗುವಿನ ಲೆಕ್ಕವನ್ನೂ ನೋಡುತ್ತ, ಕಾಯುವುದಕ್ಕೆ ಅವಳಿಗೆ ಪುರುಸೊತ್ತು ಕೊಟ್ಟವರು ಯಾರು?

ಶನಿವಾರ ಅಂಗಡಿಗೆ ಪುಟ್ಟ ಬಂದ. ಕೈಯಲ್ಲಿ ಹಳೆಯ ಕೋಟು. ಸೋಮವಾರ ತೊಡಲು ಬೇರೆ ಇರಲಿಲ್ಲ; ತೋಳು ಉದ್ದ. ಅವಳು ಗಲ್ಲವನ್ನೆತ್ತಿ ಪೆಟ್ಟಿಗೆ ತೋರಿಸಿದಳು. ಅವನು ಹತ್ತಿ ನಿಂತ. ಅವಳು ಸೂಜಿ ಕಚ್ಚಿಕೊಂಡು ತೋಳಿನ ಅಂಚು ಮಡಿಸತೊಡಗಿದಳು.

“ಆ ಗೆಳೆಯನ್ನ ಕಿತ್ತು ಹಾಕೋಕಾಗಲ್ಲ ಅಕ್ಕ,” ಎಂದ ಅವನು ಕನ್ನಡಿಗೆ. “ಕೊನೇ ಕೋಣೇಲಿ ನೌಕೆಯ ಕಣ್ಣನ್ನ ಅವನೇ ಎತ್ತಿ ಹಿಡೀಬೇಕು. ಅವನಿಲ್ದೆ ಕಥೇನೇ ಇಲ್ಲ. ಸುಮ್ಮನಿರಿಸೋಕೆ ಒಂದು ಗುಂಡಿ ಇಡೋಣ ಅಂದ್ರೆ, ಗುಂಡಿ ಒತ್ತಿ ಗೆಳೆಯನ ಬಾಯಿ ಮುಚ್ಚಿಸೋದು... ಅದು ಹಿಡಿಸ್ತಿಲ್ಲ.”

ಕೋಟಿನ ಎರಡೂ ತೋಳಿನ ಕೆಲಸ ಮುಗಿದಿತ್ತು. ತುಟಿಯಲ್ಲಿ ಒಂದೇ ಸೂಜಿ ಉಳಿದಿತ್ತು. ಉತ್ತರ ಅವಳ ನಾಲಗೆಯ ತುದಿಯಲ್ಲಿತ್ತು: ಎಂಥ ಹಿಡಿಸೋದು, ಇಡು ಗುಂಡಿ! ಹೇಳಿದ್ದರೆ ಅವನು ಇಡುತ್ತಿದ್ದ. ಯಾವತ್ತೂ ಹಾಗೆಯೇ. ಅವಳ ಕೈ ಸೂಜಿಮೆತ್ತೆಯತ್ತ ಹೋಯಿತು. ಒಂದು, ಇನ್ನೊಂದು, ಮತ್ತೊಂದು. ಬಾಯಿತುಂಬ ಸೂಜಿ ತುಂಬಿಕೊಂಡು, ಮಡಿಸುವುದಕ್ಕೆ ಏನೂ ಇಲ್ಲದ ತೋಳನ್ನು ಹಿಡಿದು ಅವಳು ಕೂತಳು. ಒಳಗೊಳಗೇ ಕುದಿಯುತ್ತ. ಇಷ್ಟು ಸುಲಭದ್ದು ಇವನಿಗೆ ಹಿಡಿಸುವುದಿಲ್ಲವಲ್ಲ!

ಕನ್ನಡಿಯಲ್ಲಿ ಪುಟ್ಟ ಅವಳನ್ನೇ ನೋಡುತ್ತಿದ್ದ. ಕೆಂಪೇರಿದ ಮುಖ, ಮುಳ್ಳುಹಂದಿಯಂಥ ಬಾಯಿ.

“ತಿರುಪು,” ಎಂದ ಅವನು ತಡೆದು ತಡೆದು. “ಅವನು ದುರಸ್ತಿ ಯಂತ್ರ. ದುರಸ್ತಿ ಮಾಡುವಾಗ ತಿರುಪುಗಳನ್ನ ಬಾಯಿ ಜಾಲರೀಲಿ ಕಚ್ಚಿಕೋತಾನೆ. ಕೈತುಂಬ ತಿರುಪು ಕೊಟ್ರೆ ಸಾಕು, ವಾಪಸ್ ಕೇಳೋವರೆಗೂ ಮಾತಾಡೋಕಾಗಲ್ಲ. ಬಾಯಿ ಮುಚ್ಚಿಸಿದ ಹಾಗಲ್ಲ, ಅದು. ಕೆಲಸ ಕೊಟ್ಟ ಹಾಗೆ.”

ಅವಳಿಗೆ ಇದು ಹೊಳೆದಿರಲಿಲ್ಲ. ಅವಳ ಬಳಿಯಿದ್ದ ಉತ್ತರಕ್ಕಿಂತ ಇದು ಮೇಲು. ಆ ಅರಿವೂ ಒಂದು ಸೂಜಿಯಂತೆ ಚುಚ್ಚಿತು. ಕಂಪನಿಯವರು ಸೋಮವಾರ ಏನನ್ನುವರೋ, ತಿರುಪು ಮರಳಿ ಕೇಳಲು ತಿಳಿಯದ ಆಟಗಾರರು ಮತ್ತೆ ಮೂರನೆಯ ಬಾಗಿಲಲ್ಲೇ ಎದ್ದುಹೋಗುವರೋ, ಯಾರು ಬಲ್ಲರು? ಪೆಟ್ಟಿಗೆಯಿಂದ ಧುಮುಕಿದ ಪುಟ್ಟ, ಸೂಜಿ ಚುಚ್ಚಿದ್ದ ಕೋಟನ್ನು ಅವಳ ಮಡಿಲಿಗೆ ಹಾಕಿ ಬಾಗಿಲತ್ತ ಓಡಿದ.

ಅವಳು ಸೂಜಿಗಳನ್ನು ಒಂದೊಂದಾಗಿ ಮೆತ್ತೆಗೆ ಚುಚ್ಚಿದಳು. ಕೊನೆಯದು ಹೊರಬಂತು.

“ನಿಲ್ಲೋ!” ಎಂದಳು. “ಆ ಸತ್ತ ಕ್ಯಾಪ್ಟನ್ನಿನ ಗೋಳು ಕೇಳೋಕಾಗಲ್ಲ. ಅದಕ್ಕೇನು ಮಾಡ್ತೀಯೋ ಮಾಡು. ನಾನು ಹೇಳಲ್ಲ.”