ಗಿರಿಜಕ್ಕ ಎತ್ತಿಟ್ಟ ಪಾಲು

ನನ್ನ ಅಕ್ಕ ಗಿರಿಜಳ ಬೆರಳುಗಳು ಸುಮ್ಮನೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. ಯಾರು ಏನು ಮಾತಾಡಿದರೂ ಅದನ್ನು ತೊಡೆಯ ಮೇಲೆ ಟೈಪ್ ಮಾಡುತ್ತಿದ್ದಳು. ಹೊಸದುರ್ಗದಲ್ಲಿ ಅವಳದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಂಪ್ಯೂಟರ್ ಬಂದು ಅದು ಮುಚ್ಚಿದಾಗ ತಲೆಮೇಲೆ ಕೈಹೊತ್ತು ಕೂರಲಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರದ ಸೈಬರ್ ಕೆಫೆಗೆ ಹೋಗಿ, ಹಳೆಯ ಟೈಪ್‌ರೈಟರ್ ರಿಪೇರಿ ಮಾಡುವುದು ಹೇಗೆಂದು ಇಂಗ್ಲಿಷಿನಲ್ಲಿ ಬರೆದು ಇಂಟರ್‌ನೆಟ್ಟಿಗೆ ಹಾಕತೊಡಗಿದಳು. ಓದಿದವರು ಅಲ್ಲೇ ಇದ್ದ ಅಂಗಡಿಯ ಲಿಂಕ್ ಒತ್ತಿ ಟೈಪ್‌ರೈಟರ್ ರಿಬ್ಬನ್ ಕೊಂಡರೆ, ಮಾರಿದ ಅಂಗಡಿಯವರು ಹೊರದೇಶದಿಂದ ಇವಳಿಗೆ ಕಮಿಷನ್ ಚೆಕ್ ಕಳಿಸುತ್ತಿದ್ದರು. ಬೀದಿಯವರು ಮೊದಲು ಇದೇನೋ ಮೋಸ ಎಂದರು. ಚೆಕ್ಕು ಬ್ಯಾಂಕಿನಲ್ಲಿ ದುಡ್ಡಾದ ಮೇಲೆ ಸುಮ್ಮನಾದರು.

ದುಡ್ಡು ಕೈಗೆ ಬಂದ ದಿನವೇ ಮೂರರಲ್ಲೊಂದು ಪಾಲು ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತಿತ್ತು. ಅದು ಸರ್ಕಾರದ್ದು. ಸಂಬಳದವರಿಗಾದರೆ ಆಫೀಸಿನವರೇ ತೆರಿಗೆ ಹಿಡಿದುಕೊಳ್ಳುತ್ತಾರೆ, ಸ್ವಂತ ದುಡಿಮೆಯವರು ತಾವೇ ಎತ್ತಿಡಬೇಕು ಎಂದು ಯಾರೋ ಹೇಳಿದ್ದರು. ಅಕ್ಕನಿಗೆ ಅಷ್ಟೇ ಸಾಕಾಯಿತು. ನಮ್ಮಪ್ಪ ಊರಿನ ಕಮ್ಮಾರ. ವರ್ಷವಿಡೀ ರೈತರ ಕುಳ, ಕುಡುಗೋಲು ತಟ್ಟಿಕೊಟ್ಟು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತನ್ನ ಪಾಲಿನ ಕಾಳು, ಅಂದರೆ ಆಯ, ತರುತ್ತಿದ್ದ. ಕೆಲವರು ಅವನು ಬರುವ ಮುಂಚೆಯೇ ರಾಶಿಯನ್ನು ಮನೆಗೆ ಸಾಗಿಸಿಬಿಡುತ್ತಿದ್ದರು. ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಬರುವ ಅಪ್ಪನನ್ನು ನಾವಿಬ್ಬರೂ ನೋಡಿದ್ದೆವು.

ಆ ಚಳಿಗಾಲದಲ್ಲಿ ಅಕ್ಕನಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಗದಂತಾಯಿತು. ಹೃದಯದ ಕವಾಟ ಕೆಟ್ಟಿದೆ, ತಡಮಾಡದೆ ಆಪರೇಷನ್ ಮಾಡಿಸಿ ಎಂದರು ಡಾಕ್ಟರು. ಡಬ್ಬದ ದುಡ್ಡಿಗೆ ನನ್ನ ಬಳೆ ಸೇರಿಸಿದರೆ ಸಾಕಾಗುತ್ತಿತ್ತು. ಬಳೆ ಬಿಚ್ಚಿ ಅವಳ ಮುಂದಿಟ್ಟೆ. ಬೈದೆ, ಅತ್ತೆ, ಊಟ ಬಿಟ್ಟೆ. ಅವಳು ಡಬ್ಬ ಮುಟ್ಟಗೊಡಲಿಲ್ಲ.

“ಆಯ ಕೊಡ್ದಂಗೆ ರಾಶಿ ಮನೆಗೆ ಹೊರಬಾರ್ದು ಕಣೆ. ಅಪ್ಪನ ಖಾಲಿ ಚೀಲ ಮರ್ತ್ಯಾ?” ಎಂದಳು.

ಮಾರ್ಚ್ ಮುಗಿಯಲಿ, ತೆರಿಗೆ ಕಟ್ಟೋಣ, ಆಮೇಲೆ ಬರುವ ಚೆಕ್ಕುಗಳಲ್ಲಿ ಆಪರೇಷನ್ ಎಂಬುದು ಅವಳ ಲೆಕ್ಕ. ಹಟಮಾರಿ ಹೆಂಗಸು.

ಏಪ್ರಿಲ್‌ನಲ್ಲಿ ಕಾಲು ಬಾತು, ಅವಳನ್ನು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಮಂಚದ ಮೇಲಿಂದಲೇ, ಮೊದಲು ಸರ್ಕಾರದ್ದು ಕಟ್ಟಿ ಬಾ ಎಂದು ಡಬ್ಬ ಕೊಟ್ಟು ನನ್ನನ್ನು ತೆರಿಗೆ ಸಲಹೆಗಾರರೊಬ್ಬರ ಹತ್ತಿರ ಅಟ್ಟಿದಳು. ನಾನು ಅವಳ ಕಣದ ಮಾತನ್ನೂ ಅವರಿಗೆ ಹೇಳಿದೆ. ಅವರು ಸೈಬರ್ ಕೆಫೆಗೆ ಕೊಟ್ಟದ್ದು, ಚೆಕ್ಕಿಗೆ ಬ್ಯಾಂಕು ಹಿಡಿದ ಶುಲ್ಕ ಎಲ್ಲ ಕೇಳಿ ಕೂಡಿ ಕಳೆದು, ಡಬ್ಬವನ್ನು ನನ್ನ ಕಡೆಗೇ ಸರಿಸಿದರು.

“ಕಣದಾಗೆ ಇಡೀ ರಾಶಿ ಮೇಲೆ ಆಯ ಅಳೀತಾರೆ. ಇಲ್ಲಿ ಹಂಗಲ್ಲಮ್ಮ, ಖರ್ಚು ಕಳೆದು ಉಳಿದಿದ್ದಕ್ಕಷ್ಟೇ ತೆರಿಗೆ. ಉಳಿದಿರದೂ ತೆರಿಗೆ ಇಲ್ಲದ ಮಿತಿಯೊಳಗೇ ಐತೆ. ನಿಮ್ಮಕ್ಕ ಏನೂ ಕಟ್ಟಂಗಿಲ್ಲ.”

ಎದ್ದೆನೋ ಬಿದ್ದೆನೋ ಎಂದು ಆಸ್ಪತ್ರೆಗೆ ಓಡಿದೆ. ವಾರ್ಡಿನ ಬಾಗಿಲಲ್ಲೇ ಡಾಕ್ಟರು ತಡೆದು, ಇನ್ನು ಅವರ ದೇಹ ಆಪರೇಷನ್ ತಡೆಯುವುದಿಲ್ಲ ಎಂದರು. ಆ ಡಬ್ಬವನ್ನು ಅಲ್ಲೇ ನೆಲಕ್ಕೆ ಬಡಿಯಬೇಕೆನಿಸಿತು. ಕಣ್ಣೊರೆಸಿಕೊಂಡು ಒಳಗೆ ಹೋಗಿ, ತೆರಿಗೆಯ ಸುದ್ದಿಯನ್ನಷ್ಟೇ ಹೇಳಿದೆ.

“ಹಂಗಾದ್ರೆ ಇದೆಲ್ಲ ನಂದೇನೆ?” ಎಂದಳು.

ಪೂರ್ತಿ ನಿನ್ನದೇ ಎಂದೆ.

ಅವಳು ಡಬ್ಬವನ್ನು ಎದೆಯ ಹತ್ತಿರ ಎಳೆದುಕೊಂಡಳು. “ಸರಿ ಬಿಡು. ನಾಳೆ ಹೋಗಾಣ ಆಪರೇಷನ್‌ಗೆ. ನಿನ್ ಬಳೆ ತಾ.”

ಆಗಲಿ ಎಂದೆ. ಆಗಲಿ ಎಂದ ನನ್ನ ಮಾತನ್ನು ಅವಳ ಬೆರಳುಗಳು ಡಬ್ಬದ ಮುಚ್ಚಳದ ಮೇಲೆ ಟೈಪ್ ಮಾಡುತ್ತಿದ್ದವು. ಬೆಳಗ್ಗೆ ನಾನು ಬಳೆ ತೊಟ್ಟುಕೊಂಡೇ ಹೋದೆ. ಬೆರಳುಗಳು ಮುಚ್ಚಳದ ಮೇಲೆ ಸುಮ್ಮನೆ ಇದ್ದವು.