ವೇದವತಿ ಮತ್ತು ಸರ್ಪಗಂಧದ ಬೇರು

ವೇದವತಿ ಡಾಕ್ಟರಾದದ್ದು ಅಕ್ಕನ ಬಾಯಿಂದ ಎಂದು ಅವರ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ಹುಡುಗಿಯನ್ನು ಕಾಲೇಜಿಗೆ ಕಳಿಸಲು ತಂದೆ ಒಪ್ಪಿರಲಿಲ್ಲ. ಅವರು ಅರಮನೆಯ ಕಚೇರಿಯಲ್ಲಿದ್ದವರು. ನಾಲ್ಕು ಜನ ಏನೆಂದಾರೋ ಎಂಬ ಅಳುಕು. ಆಗ ಅಕ್ಕ ಸುಂದರಮ್ಮ ನಡುಮನೆಯಲ್ಲಿ ನಿಂತು ಆ ನಾಲ್ಕು ಜನರನ್ನೂ ಒಬ್ಬೊಬ್ಬರಾಗಿ ಅಣಕಿಸಿ ತೋರಿಸಿದಳು. ನಶ್ಯ ಏರಿಸುತ್ತಾ ಶಾಸ್ತ್ರ ಹೇಳುವ ಪುರೋಹಿತರು, ಮಾತಿಗೊಮ್ಮೆ ಕೆಮ್ಮುವ ಸೋದರಮಾವ, ಯಾರನ್ನೂ ಬಿಡಲಿಲ್ಲ. ತಂದೆ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಹೋಗಲಿ ಬಿಡೆ, ಓದಲಿ" ಎಂದರು.

ಸ್ವಾತಂತ್ರ್ಯ ಬಂದ ವರ್ಷ ತಾಯಿಗೆ ಲಕ್ವ ಹೊಡೆಯಿತು. ತುಳಸಿಕಟ್ಟೆಯ ಮುಂದೆ ರಂಗೋಲಿ ಹಾಕುತ್ತಿದ್ದವರು ಹಾಗೇ ಪಕ್ಕಕ್ಕೆ ಒರಗಿದರು, ಮತ್ತೆ ಏಳಲಿಲ್ಲ. ವೇದವತಿ ಆಗಲೇ ಮೈಸೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುತ್ತಿದ್ದಳು. ತಾಯಿಯ ರಕ್ತದೊತ್ತಡ ಏರಿದೆಯೆಂದು ಅವಳಿಗೆ ಮೊದಲೇ ಗೊತ್ತಿತ್ತು. ಕೊಡಲು ಔಷಧಿ ಇರಲಿಲ್ಲ. ಉಪ್ಪು ಕಡಿಮೆ ಮಾಡಮ್ಮ, ಮಲಕ್ಕೊಳ್ಳಮ್ಮ ಎನ್ನುವುದರಾಚೆ ಅವಳ ವಿದ್ಯೆ ಹೋಗಲಿಲ್ಲ.

ಆ ಸಂಕಟವೇ ಅವಳ ಸಂಶೋಧನೆಯಾಯಿತು. ಮೊಲಗಳ ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಸ್ವಲ್ಪ ಬಿಗಿದರೆ ಅವುಗಳ ರಕ್ತದೊತ್ತಡ ಏರುತ್ತದೆ. ಹೀಗೆ ಒತ್ತಡ ಏರಿದ ಮೊಲಗಳ ಮಿದುಳನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟು ವರ್ಷಗಟ್ಟಲೆ ನೋಡಿದಳು. ಕೂದಲಿಗಿಂತ ಸಣ್ಣ ನಾಳಗಳ ಗೋಡೆ ದಪ್ಪಗಾಗಿ, ಅಲ್ಲಲ್ಲಿ ಬಿರಿದು, ಸಾಸಿವೆಯಷ್ಟು ರಕ್ತ ಚೆಲ್ಲಿರುತ್ತಿತ್ತು. ಅಮ್ಮನ ತಲೆಯೊಳಗೆ ಆದದ್ದು ಇದೇ ಎಂದು ಅವಳಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು.

ಐವತ್ತರ ದಶಕದ ಆರಂಭದಲ್ಲಿ ಸರ್ಪಗಂಧದ ಬೇರಿನ ಮಾತ್ರೆ ಬಂತು. ನಾಟಿ ವೈದ್ಯರು ಹುಚ್ಚಿಗೂ ನಿದ್ರೆ ಬಾರದವರಿಗೂ ಕೊಡುತ್ತಿದ್ದ ಬೇರು ರಕ್ತದೊತ್ತಡವನ್ನೂ ಇಳಿಸುತ್ತದೆಂದು ದೇಶದ ಡಾಕ್ಟರುಗಳೆಲ್ಲ ಬೆರಗಾಗಿದ್ದರು. ವೇದವತಿ ಹಿಗ್ಗಿಹೋದಳು. ಅದೇ ಸಮಯಕ್ಕೆ ಸುಂದರಮ್ಮನಿಗೆ ತಲೆನೋವು ಶುರುವಾಯಿತು. ಅಳೆದು ನೋಡಿದರೆ ಒತ್ತಡ ಇನ್ನೂರು ದಾಟಿತ್ತು.

"ಅಕ್ಕ, ಅಮ್ಮನ ಹಾಗೆ ನಿನ್ನನ್ನ ಕಳಕೊಳ್ಳೋದಕ್ಕೆ ನಾನು ತಯಾರಿಲ್ಲ. ಈ ಮಾತ್ರೆ ತಪ್ಪಿಸಬೇಡ."

"ಹಾವಿನ ಹೆಸರಿನ ಔಷಧಿನೇ? ಕಚ್ಚಲ್ಲ ತಾನೆ?" ಎಂದು ಸುಂದರಮ್ಮ ಹೆಡೆಯಂತೆ ಕೈ ಎತ್ತಿ ಬುಸುಗುಟ್ಟಿದಳು. ಅವಳ ಗಂಡ ಬಿಂದುಮಾಧವ ಕಾಫಿ ಚೆಲ್ಲುವಂತೆ ನಕ್ಕರು.

ಮಾತ್ರೆ ಕೆಲಸ ಮಾಡಿತು. ಕೆಲವೇ ವಾರಗಳಲ್ಲಿ ಒತ್ತಡ ನೂರ ಮೂವತ್ತಕ್ಕೆ ಇಳಿಯಿತು. ವೇದವತಿ ಪ್ರತಿ ಭಾನುವಾರ ಅಗ್ರಹಾರದ ಅಕ್ಕನ ಮನೆಗೆ ಹೋಗಿ ತೋಳಿಗೆ ಪಟ್ಟಿ ಸುತ್ತಿ, ಪಾದರಸ ನೋಡಿ, ಸಂತೋಷದಿಂದ ಮರಳುತ್ತಿದ್ದಳು. ಅಕ್ಕ ಅಣಕಿಸುವುದನ್ನು ಯಾವಾಗ ನಿಲ್ಲಿಸಿದಳೆಂದು ಅವಳು ಗಮನಿಸಲೇ ಇಲ್ಲ.

ಒಂದು ಭಾನುವಾರ ಸುಂದರಮ್ಮ ಕೇಳಿದಳು: "ಇದು ಇನ್ನೂ ಎಲ್ಲೀವರೆಗೆ ಇಳೀಬೇಕೆ, ವೇದಾ? ಇದರ ಜೊತೆ ನಾನೂ ಇಳಿದುಹೋಗ್ತಿದ್ದೀನಿ ಅನ್ನಿಸುತ್ತೆ."

"ಸುಮ್ಮನಿರೆ, ಎಷ್ಟು ಚೆನ್ನಾಗಿ ಬಂದಿದೆ" ಎಂದಳು ವೇದವತಿ.

ಬಾಗಿಲವರೆಗೆ ಬಂದ ಬಿಂದುಮಾಧವ ತಗ್ಗಿದ ದನಿಯಲ್ಲಿ, "ಮನೆ ತಣ್ಣಗಾಗಿಬಿಟ್ಟಿದೆ ಕಣಮ್ಮ. ನಾನು ಮಾತಾಡಿದರೆ ಹ್ಞೂಂ ಅಂತಾಳೆ, ಅಷ್ಟೆ. ಔಷಧಿಯಿಂದ ಏನಾದರೂ..." ಎಂದರು.

"ಭಾವ, ಅವಳಿಗೂ ವಯಸ್ಸಾಗ್ತಾ ಬಂತು. ಶಾಂತವಾಗಿದ್ದರೆ ಒಳ್ಳೇದೇ ಅಲ್ಲವೆ? ಲಕ್ವ ಹೊಡೆದಿದ್ದರೆ ಏನು ಮಾಡ್ತಿದ್ದಿರಿ?"

ಅವರು ಮತ್ತೆ ಕೇಳಲಿಲ್ಲ. ಡಾಕ್ಟರ ಮಾತಿಗೆ ಎದುರಾಡುವವರಲ್ಲ ಅವರು.

ಮಗಳು ಗಿರಿಜಾಂಬಾಳ ಮದುವೆಯಲ್ಲಿ ಸುಂದರಮ್ಮ ರೇಷ್ಮೆ ಸೀರೆಯುಟ್ಟು, ಕೂರಿಸಿದಲ್ಲಿ ಕೂತಿದ್ದಳು. ಎಂಥ ಗಂಭೀರವಾದ ಬೀಗಿತ್ತಿ ಎಂದು ಗಂಡಿನ ಕಡೆಯವರು ಮೆಚ್ಚಿಕೊಂಡರು. ಮಗಳು ಕಾಲಿಗೆರಗಿ ಬಿಕ್ಕಿದಾಗಲೂ ಅವಳ ಕಣ್ಣು ಒದ್ದೆಯಾಗಲಿಲ್ಲ. ಅದೇ ವರ್ಷ ಮದರಾಸಿನ ವೈದ್ಯರ ಸಮ್ಮೇಳನದಲ್ಲಿ ವೇದವತಿ ತನ್ನ ಪ್ರಬಂಧ ಓದಿದಳು. ಹೆಸರು ಹೇಳದೆ ಅಕ್ಕನನ್ನೂ ಉದಾಹರಿಸಿದಳು. ಚಂಚಲ ಸ್ವಭಾವದ ಗೃಹಿಣಿಯೊಬ್ಬಳು ಈ ಔಷಧಿಯಿಂದ ಮನಸ್ಸಿನಲ್ಲೂ ಸ್ತಿಮಿತ ಪಡೆದಳೆಂದು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು.

ಅವಳ ಕಣ್ಣು ತೆರೆಸಿದ್ದು ಮೊಲಗಳು. ಪ್ರಯೋಗಕ್ಕಾಗಿ ಕೆಲವಕ್ಕೆ ಅದೇ ಬೇರಿನ ಸಾರ ಕೊಟ್ಟಿದ್ದಳು. ಒಂದು ಮಧ್ಯಾಹ್ನ ಕೊತ್ತಂಬರಿ ಸೊಪ್ಪು ಹಾಕಿದಾಗ ಉಳಿದ ಮೊಲಗಳು ಮುಗಿಬಿದ್ದವು. ಔಷಧಿ ತಿಂದವು ಮಾತ್ರ ಮೂಲೆಯಲ್ಲಿ ಮುದುರಿ, ರೆಪ್ಪೆ ಅರ್ಧ ಇಳಿಬಿಟ್ಟು ಕೂತೇ ಇದ್ದವು. ಸೊಪ್ಪನ್ನು ಮೂತಿಗೆ ತಗುಲಿಸಿದರೂ ಅಲುಗಲಿಲ್ಲ. ಮದುವೆಮನೆಯ ಚಾಪೆಯ ಮೇಲೆ ಅಕ್ಕ ಕೂತಿದ್ದ ಭಂಗಿ ಅದು. ಔಷಧಿ ಮೈಯ ಒತ್ತಡವನ್ನಷ್ಟೇ ಅಲ್ಲ, ಮಿದುಳಿನಲ್ಲಿ ಇನ್ನೇನನ್ನೋ ಇಳಿಸುತ್ತಿದೆ ಎಂದು ಅವಳಿಗೆ ಹೊಳೆಯಿತು. ಕೈ ತೊಳೆಯುವುದನ್ನೂ ಮರೆತು ಅಗ್ರಹಾರಕ್ಕೆ ಟಾಂಗಾ ಹಿಡಿದಳು.

"ಅಕ್ಕ, ನಿನಗೆ ಹೇಗನ್ನಿಸುತ್ತೆ?"

ಸುಂದರಮ್ಮ ತಂಗಿಯತ್ತ ತಿರುಗಿದಳು. "ಈಗ ಕೇಳ್ತಿದ್ದೀಯ. ಗಿರಿಜೆ ಮದುವೇಲಿ ಎಲ್ಲಾ ಕಣ್ಣಿಗೆ ಕಂಡಿತು ಕಣೆ, ಒಂದೂ ಮನಸ್ಸಿಗೆ ತಟ್ಟಲಿಲ್ಲ. ನೀರೊಳಗೆ ಮುಳುಗಿ ನೋಡ್ತಿದ್ದ ಹಾಗಿತ್ತು. ಬಾವಿ ಹತ್ತಿರ ಹೋದರೆ ಬೇಡದ ಯೋಚನೆ ಬರುತ್ತೆ. ಅದಕ್ಕೇ ಅತ್ತ ಹೋಗಲ್ಲ."

"ಯಾಕೆ ನನಗೆ ಹೇಳಲಿಲ್ಲ?"

"ಹೇಳಿದೆ. ನೀನು ರಬ್ಬರ್ ಚೆಂಡು ಒತ್ತುತ್ತಾ ಪಾದರಸ ನೋಡ್ತಿದ್ದೆ."

ಅಂದೇ ಮಾತ್ರೆ ನಿಲ್ಲಿಸಿದರು. ಸುಂದರಮ್ಮ ಮೆಲ್ಲಮೆಲ್ಲನೆ ಮರಳಿದಳು. ಆ ದಸರೆಗೆ ಮೂವರೂ ಬನ್ನಿಮಂಟಪಕ್ಕೆ ಪಂಜಿನ ಕವಾಯತು ನೋಡಲು ಹೋದರು. ಬರುವಾಗ ದಾರಿಯಲ್ಲೇ ಸುಂದರಮ್ಮ ಕುದುರೆಯ ಮೇಲಿನ ದಪ್ಪ ಅಧಿಕಾರಿಯ ಹಾಗೆ ಎದೆ ಸೆಟೆಸಿ ಎರಡು ಹೆಜ್ಜೆ ಕುಣಿದಳು. ಬಿಂದುಮಾಧವ ನಗಲು ಹೋಗಿ ಅತ್ತರು.

ಒತ್ತಡವೂ ಮರಳಿತು. ವಿದೇಶದ ಪತ್ರಿಕೆಗಳಲ್ಲೂ ಆ ಔಷಧಿಯಿಂದ ಖಿನ್ನರಾದವರ ವರದಿ ಬರತೊಡಗಿತ್ತು. ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಆಗಬಹುದೆಂದು ವೇದವತಿ ಯೋಚಿಸಿದಳು. ಸುಂದರಮ್ಮ ಮಾತ್ರೆ ಕಂಡರೇ ಮುಖ ತಿರುಗಿಸಿದಳು. "ಬೇಡ ಕಣೆ. ಎಷ್ಟು ದಿನವೋ ಅಷ್ಟು ದಿನ ನಾನು ನಾನಾಗಿರ್ತೀನಿ." ಬಲವಂತ ಮಾಡುವ ಧೈರ್ಯ ವೇದವತಿಗೆ ಉಳಿದಿರಲಿಲ್ಲ. ಭಾನುವಾರ ಪಾದರಸದ ಪೆಟ್ಟಿಗೆ ಒಯ್ಯುವುದೂ ಕಡಿಮೆಯಾಯಿತು. ನೋಡಲು ಹೆದರಿಕೆ.

ಮುಂದಿನ ಸಮ್ಮೇಳನದಲ್ಲಿ ತನ್ನ ತಪ್ಪನ್ನು ಹೇಳಿಕೊಳ್ಳಲು ಅವಳು ಅವಕಾಶ ಕೇಳಿದಳು. "ಒಂದು ಮನೆಯ ಸಂಗತಿ ವಿಜ್ಞಾನವಾಗುತ್ತದೇನಮ್ಮ?" ಎಂದರು ಅಧ್ಯಕ್ಷರು. ಆದರೂ ಹೇಳಿದಳು. ಊಟದ ನಂತರದ ಹೊತ್ತು, ಅರ್ಧ ಸಭೆ ಖಾಲಿಯಿತ್ತು. ಚಪ್ಪಾಳೆ ತಟ್ಟಿದ್ದವರಲ್ಲಿ ಎಷ್ಟು ಜನ ಇದನ್ನು ಕೇಳಿಸಿಕೊಂಡರೋ, ಅವರ ರೋಗಿಗಳು ಎಷ್ಟು ಮನೆಗಳಲ್ಲಿ ಮಂಕಾಗಿ ಕೂತಿದ್ದರೋ ಎಂಬ ಕೊರಗು ಅವಳನ್ನು ಬಿಡಲಿಲ್ಲ.

೧೯೫೮ರ ಬೇಸಿಗೆಯಲ್ಲಿ ಸುಂದರಮ್ಮನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು. ಬಲಗೈ ಬಿತ್ತು, ಮಾತು ಹೋಯಿತು. ಒಬ್ಬೊಬ್ಬರ ದನಿಯನ್ನೂ ತನ್ನದಾಗಿಸಿಕೊಳ್ಳುತ್ತಿದ್ದವಳಿಗೆ ತನ್ನ ದನಿಯೇ ಇಲ್ಲವಾಯಿತು.

ವೇದವತಿ ಕೆಲಸ ಬಿಡಲಿಲ್ಲ. ಅರವತ್ತರ ದಶಕದುದ್ದಕ್ಕೂ ಒತ್ತಡದ ಔಷಧಿಗಳು ಮಿದುಳಿಗೆ ಏನು ಮಾಡುತ್ತವೆಂದೇ ಹುಡುಕಿದಳು. ಹೊಸ ಔಷಧಿಗಳು ಬಂದವು. ಅವುಗಳಲ್ಲಿ ಒಂದೆರಡು ಅಕ್ಕನಿಗೆ ಲಕ್ವ ಹೊಡೆಯುವ ಮೊದಲೇ ಸಿಕ್ಕಿದ್ದರೆ ಸಾಕಿತ್ತು. ಅವಳ ಪ್ರಬಂಧಗಳನ್ನು ಓದಿದವರು ಬೆರಳೆಣಿಕೆಯಷ್ಟೇ ಇರಬೇಕು. ದಿನವೂ ಸಂಜೆ ಅಗ್ರಹಾರಕ್ಕೆ ಹೋಗಿ ಅಕ್ಕನಿಗೆ ಗಂಜಿ ಕುಡಿಸುತ್ತಿದ್ದಳು.

ಒಂದು ಸಂಜೆ ತಡೆಯಲಾರದೆ ಕೇಳಿಯೇಬಿಟ್ಟಳು. "ಅಕ್ಕ, ಮಾತ್ರೆ ಕೊಟ್ಟಿದ್ದು ನನ್ನ ತಪ್ಪೋ, ನಿಲ್ಲಿಸಿದ್ದು ತಪ್ಪೋ?"

ಸುಂದರಮ್ಮ ಎಡಗೈಯಿಂದ ತಂಗಿಯ ಮಣಿಕಟ್ಟು ಹಿಡಿದು ಗಟ್ಟಿಯಾಗಿ ಅದುಮಿದಳು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಅದು ಕ್ಷಮೆಯೋ, ಸಿಟ್ಟೋ, ಸುಮ್ಮನಿರು ಎಂಬ ಸನ್ನೆಯೋ ವೇದವತಿಗೆ ತಿಳಿಯಲಿಲ್ಲ. ಬಾಯಿ ಇದ್ದಾಗ ಕೇಳಬೇಕಾಗಿತ್ತು.