ಹೆಂಟೆ ಒಡೆಯುವ ಮಾತು

ಶಹಾಬಜಾರದ ನೀಲಕಂಠ ನಿಜಾಮರ ಕಾಲದಲ್ಲಿ ಉರ್ದು ಓದಿದವನು. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ತಾನೇ ಇಂಗ್ಲಿಷ್ ಕಲಿತು, ಕಮಲಾಪುರದ ಸಂಜೆಶಾಲೆಗೆ ಮಾಸ್ತರನಾದ. ಒಂದು ದಿನ ಅಲ್ಲಿ ಕಲಿಯಲು ಬರುತ್ತಿದ್ದ ಕೂಲಿಯಾಳು ಮಾಪಣ್ಣ, "ಎಕ್ಸ್‌ಪ್ಲೇನ್ ಅಂದ್ರ ಏನ್ರೀ?" ಎಂದು ಕೇಳಿದ.

"ಬಿಡಿಸಿ ಹೇಳೋದು."

"ಅದಕ್ಕ ಹಂಗ್ಯಾಕ ಅಂತಾರ್ರೀ?"

ಆ ಪದ ಎಲ್ಲಿಂದ ಬಂತೆಂದು ನೀಲಕಂಠನಿಗೆ ಗೊತ್ತಿರಲಿಲ್ಲ. "ಕೂಲಿ ಮಾಡಾಂವಗ ಅದೆಲ್ಲ ಯಾಕೋ?" ಎಂದುಬಿಟ್ಟ. ಎಲ್ಲರೂ ನಕ್ಕರು. ಮರುದಿನದಿಂದ ಮಾಪಣ್ಣ ಬರಲಿಲ್ಲ.

ನಾಚಿಕೆ ನೀಲಕಂಠನನ್ನು ತಿನ್ನತೊಡಗಿತು. ಕಲಬುರಗಿಯಲ್ಲಿ ವಕೀಲರೊಬ್ಬರ ಮನೆಗೆ ಹೋಗಿ ದೊಡ್ಡ ನಿಘಂಟು ತೆರೆಸಿ ನೋಡಿದ. ಆಮೇಲೆ ನೇರವಾಗಿ ಮಾಪಣ್ಣ ದುಡಿಯುತ್ತಿದ್ದ ಹೊಲಕ್ಕೆ ಬಂದ. ಮಾಪಣ್ಣ ಮಣ್ಣಿನ ಹೆಂಟೆ ಒಡೆದು ನೆಲ ಸಮ ಮಾಡಲು ಎತ್ತುಗಳಿಗೆ ಕೊರಡು ಕಟ್ಟುತ್ತಿದ್ದ.

"ಎಕ್ಸ್‌ಪ್ಲೇನ್ ಅನ್ನೋ ಮಾತಿನ ಬೇರು ಲ್ಯಾಟಿನ್‌ನಾಗ ಅದ, ಮಾಪಣ್ಣ. ಸಪಾಟ ಮಾಡೋದು ಅಂತ ಅರ್ಥ," ಎಂದ ನೀಲಕಂಠ, ತಲೆ ತಗ್ಗಿಸಿ.

"ಹಂಗಾದ್ರ ಅವತ್ತು ನೀವು ಸಪಾಟ ಮಾಡೋದು ಬಿಟ್ಟು ನನಗ ಹೆಂಟಿ ಒಗದ್ರಿ, ಮಾಸ್ತರ." ಮಾಪಣ್ಣ ನಗಲಿಲ್ಲ. "ಕೊರಡಿಗಿ ಭಾರ ಸಾಲವಲ್ದು. ಹತ್ತಿ ನಿಲ್ರಿ."

ನೀಲಕಂಠ ಚಪ್ಪಲಿ ಬಿಟ್ಟು ಹತ್ತಿ ನಿಂತ. ಎತ್ತುಗಳು ಎಳೆದಂತೆ ಕಾಲಡಿ ಹೆಂಟೆಗಳು ಪುಡಿಯಾಗುತ್ತಿದ್ದವು. "ನನಗ ಗೊತ್ತಿರಲಿಲ್ಲ. ಅದನ್ನ ಮುಚ್ಚಾಕ ನಿನ್ನ ಕೂಲಿ ಎತ್ತಿ ಆಡಿದೆ," ಎಂದ.

ಮಾಪಣ್ಣ ಹೊಲದ ಅಂಚಿನವರೆಗೂ ಎತ್ತು ಹೊಡೆದ. ಎತ್ತು ತಿರುಗಿಸುವಾಗ, "ಇದನ್ನ ಸಂಜಿಗಿ ಎಲ್ಲಾರ ಮುಂದ ಹೇಳ್ರಿ. ನಾ ಬರ್ತೀನಿ," ಎಂದ.